ಸುರುಳಿಯೋ, ಡಬ್ಬಿಯೋ? ಪಾರದರ್ಶಕ ಫಿಲ್ಮಿನ ಸುಂಕ ನಮ್ಮ ಗಲ್ಲಾಕ್ಕೆ ಬರುವ ದಾರಿ



ಹಿಂದಿನ ಸಭೆಯಲ್ಲಿ ಪ್ಯಾಕಿಂಗ್ ಸಾಮಾನಿನ ದರದ ಮಾತು ಬಂದಾಗ ಒಬ್ಬ ಹಿರಿಯ ಸದಸ್ಯರು, "ಕಸ್ಟಮ್ಸ್ ಗಿಸ್ಟಮ್ಸ್ ಎಲ್ಲ ಆಮದು ಮಾಡುವವರ ತಲೆನೋವು, ಇಡ್ಲಿ ಬೇಯಿಸುವ ನಮಗೆ ಅದು ಯಾಕೆ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಅಂಗಡಿ ಮುಚ್ಚಿ ಲೆಕ್ಕ ಬರೆಯುವಾಗ ಆ ಮಾತು ಮತ್ತೆ ನೆನಪಾಯಿತು. ಆ ದಿನ ನನ್ನ ಗಲ್ಲಾಕ್ಕೆ ಬಂದ ಹಣದಲ್ಲಿ ಹತ್ತಿರ ಹತ್ತಿರ ಅರ್ಧ ಪಾರ್ಸೆಲ್‌ನದ್ದು. ಒಂದೊಂದು ಪಾರ್ಸೆಲ್ ಮೇಲೂ ಒಂದು ಪಾರದರ್ಶಕ ಹಾಳೆ. ಆ ಹಾಳೆಯ ಬೆಲೆಯೊಳಗೆ ಕಸ್ಟಮ್ಸ್ ಇದೆ, ಜಿಎಸ್‌ಟಿ ಇದೆ, ಒಂದು ಸರಿಯಾದ ಹೆಸರು ಬರೆಯದೆ ಹೋದದ್ದರ ದಂಡವೂ ಇದೆ. ಅದನ್ನು ಕೊಡುತ್ತಿರುವುದು ನಾವೇ. ಹಾಗಾಗಿ ಈ ಲೇಖನ.

ನಾನು ಹತ್ತನೇ ಇಯತ್ತೆಯವರೆಗೆ ಓದಿದವನು. ಅದೂ ಹಗಲು ಹೊಟೇಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ. ಕಾನೂನು ಪುಸ್ತಕ ಓದಿ ಪಂಡಿತನಾದವನಲ್ಲ. ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ, ಅಷ್ಟೆ.

2019ರ ಮಳೆಗಾಲದ ಮಾತು. ನಾವು ನಾಲ್ಕು ಮಂದಿ ಹೊಟೇಲಿನವರು ಸೇರಿ ಟ್ರೇ ಸೀಲ್ ಮಾಡುವ ಯಂತ್ರ ಇಟ್ಟಿದ್ದೆವು. ಸಾಂಬಾರು ಚೆಲ್ಲುವುದಿಲ್ಲ, ಗ್ರಾಹಕರ ಬೈಗುಳ ಇಲ್ಲ. ಯಂತ್ರಕ್ಕೆ ಬೇಕಾದ ಪಾರದರ್ಶಕ ಟ್ರೇ ಮತ್ತು ಅದರ ಬಾಯಿಗೆ ಬಿಗಿಯುವ ಫಿಲ್ಮಿನ ಸುರುಳಿ, ಎರಡನ್ನೂ ಮಸ್ಜಿದ್ ಬಂದರಿನಿಂದ ತರುವ ಬದಲು ನಾವೇ ನೇರವಾಗಿ ಹೊರದೇಶದಿಂದ ತರಿಸಿದರೆ ಹೇಗೆ ಎಂಬ ಬುದ್ಧಿ ಬಂತು. ನಮ್ಮಲ್ಲಿ ಒಬ್ಬರ ಫರ್ಮಿಗೆ ಆಮದು ರಫ್ತು ಕೋಡ್ ಇತ್ತು. ಹನ್ನೆರಡು ಲಕ್ಷದ ಮಾಲು. ಅದರಲ್ಲಿ ಎಂಟು ಲಕ್ಷದ ಟ್ರೇ, ನಾಲ್ಕು ಲಕ್ಷದ ಫಿಲ್ಮು. ಆದರೆ ಕಳುಹಿಸಿದವನು ಇನ್‌ವಾಯ್ಸಿನಲ್ಲಿ ಹಾಗೆ ಬರೆಯಲಿಲ್ಲ. "ಪಾರದರ್ಶಕ ಫುಡ್ ಪ್ಯಾಕಿಂಗ್ ಸೆಟ್" ಅಂತ ಒಂದೇ ಸಾಲು, ಒಂದೇ ಮೊತ್ತ. ನಾವೂ ನೋಡಲಿಲ್ಲ. ನೋಡಿದ್ದರೂ ಅದರಲ್ಲಿ ತಪ್ಪೇನು ಎಂದು ಗೊತ್ತಾಗುತ್ತಿರಲಿಲ್ಲ.

ಕಂಟೇನರ್ ಬಂದರಿಗೆ ಬಂತು. ಕ್ಲಿಯರಿಂಗ್ ಏಜೆಂಟ್ ಇಡೀ ಮಾಲನ್ನು ಫಿಲ್ಮು ಎಂದು ತೋರಿಸಿ ಕಾಗದ ಹಾಕಿದ. ಅಧಿಕಾರಿ ಪೆಟ್ಟಿಗೆ ತೆರೆಸಿದರು. ಒಳಗೆ ಟ್ರೇಗಳೇ ಹೆಚ್ಚು. "ಇದು ಫಿಲ್ಮು ಹೇಗಾಯಿತು? ಇದು ಡಬ್ಬಿ" ಎಂದರು. ಅವರು ಹೇಳಿದ್ದು ಸರಿಯೇ ಇತ್ತು, ಆ ಮಾತನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಈಗ ಲೆಕ್ಕ ಸ್ವಲ್ಪ ವಿವರವಾಗಿ ನೋಡಿ, ಇದು ನಮಗೆಲ್ಲ ಬೇಕಾದ್ದು. ಕಸ್ಟಮ್ಸಿನವರ ಪುಸ್ತಕದಲ್ಲಿ ಪ್ಲಾಸ್ಟಿಕ್ ಎಲ್ಲ 39ನೇ ಅಧ್ಯಾಯ. ಅದರಲ್ಲಿ 3920 ಎಂದರೆ ಪ್ಲಾಸ್ಟಿಕ್ಕಿನ ಹಾಳೆ, ಫಿಲ್ಮು. 3923 ಎಂದರೆ ಸಾಮಾನು ತುಂಬಿಸುವ, ಸಾಗಿಸುವ ವಸ್ತುಗಳು, ಅಂದರೆ ಡಬ್ಬಿ, ಚೀಲ, ಬಾಟಲಿ, ಮುಚ್ಚಳ. ಮೊದಲು ಫಿಲ್ಮಿಗೂ ಡಬ್ಬಿಗೂ ಮೂಲ ಸುಂಕ ಶೇಕಡ 10 ಇತ್ತು. 2018ರ ಸೆಪ್ಟೆಂಬರ್ 27ರಿಂದ ಪ್ಲಾಸ್ಟಿಕ್ ಡಬ್ಬಿ, ಪಾತ್ರೆ, ಬಾಟಲಿ ಮುಂತಾದವಕ್ಕೆ 15 ಮಾಡಿದರು. ಫಿಲ್ಮು 10ರಲ್ಲೇ ಉಳಿಯಿತು. ಮೂಲ ಸುಂಕದ ಮೇಲೆ ಶೇಕಡ 10ರಷ್ಟು ಸಮಾಜ ಕಲ್ಯಾಣದ ಸರ್ಚಾರ್ಜ್. ಇದೆಲ್ಲ ಸೇರಿದ ಮೊತ್ತದ ಮೇಲೆ 18 ಐಜಿಎಸ್‌ಟಿ. ನೂರು ರೂಪಾಯಿಯ ಫಿಲ್ಮಿಗೆ 10, ಸರ್ಚಾರ್ಜ್ 1, ಆಮೇಲೆ 111ರ ಮೇಲೆ 18 ಪರ್ಸೆಂಟು ಅಂದರೆ 19 ರೂಪಾಯಿ 98 ಪೈಸೆ. ಒಟ್ಟು 30 ರೂಪಾಯಿ 98 ಪೈಸೆ. ನೂರು ರೂಪಾಯಿಯ ಡಬ್ಬಿಗೆ ಇದೇ ರೀತಿ ಹಾಕಿದರೆ 37 ರೂಪಾಯಿ 47 ಪೈಸೆ.

ನಮ್ಮ ಮಾಲಿಗೆ ಏನಾಯಿತೆಂದರೆ, ಕಸ್ಟಮ್ಸ್ ಕಾಯಿದೆ 1962ರಲ್ಲಿ 19ನೇ ಕಲಮು ಅಂತ ಒಂದುಂಟು. ಬೇರೆ ಬೇರೆ ದರದ ವಸ್ತುಗಳು ಒಂದು ಸೆಟ್ ಆಗಿ ಬಂದರೆ, ಎಲ್ಲಕ್ಕೂ ಆ ಪೈಕಿ ಅತಿ ಹೆಚ್ಚಿನ ದರವನ್ನೇ ಹಾಕಬೇಕು. ಪ್ರತಿಯೊಂದರ ಬೆಲೆ ಬೇರೆ ಬೇರೆ ಎಂದು ಸಾಕ್ಷಿ ಸಮೇತ ತೋರಿಸಿದರೆ ಮಾತ್ರ ಬಿಡಿಸಿ ಹಾಕುತ್ತಾರೆ. ನಮ್ಮ ಇನ್‌ವಾಯ್ಸಿನಲ್ಲಿ ಒಂದೇ ಸಾಲು. ಹಾಗಾಗಿ ನಾಲ್ಕು ಲಕ್ಷದ ಫಿಲ್ಮಿಗೂ ಡಬ್ಬಿಯ ದರ. ವ್ಯತ್ಯಾಸ 25,960 ರೂಪಾಯಿ.

ಆಗ ನಾವು ಮಾಡಿದ ದಡ್ಡತನ ಕೇಳಿ. ಆ ಹಣ ಕಟ್ಟಿ ಮಾಲು ಬಿಡಿಸಿಕೊಂಡಿದ್ದರೆ ಆಗಿತ್ತು. ನಾವು ಜಿದ್ದಿಗೆ ಬಿದ್ದೆವು. ಹೊರದೇಶದವನಿಗೆ ಮೇಲ್ ಮಾಡಿ, ಬೆಲೆ ಬೇರ್ಪಡಿಸಿದ ಪತ್ರ ತರಿಸಿ, ಅದನ್ನು ಕೊಟ್ಟು, ಮತ್ತೆ ಪರಿಶೀಲನೆಯಾಗಿ ಮಾಲು ಹೊರಬರುವಾಗ ಹನ್ನೊಂದು ದಿನ ಹೆಚ್ಚಾಗಿತ್ತು. ಬಂದರಿನ ಬಾಡಿಗೆ, ಕಂಟೇನರ್ ತಡೆದಿಟ್ಟದ್ದಕ್ಕೆ ಹಡಗಿನ ಕಂಪೆನಿಯ ದಂಡ, ಏಜೆಂಟನ ಓಡಾಟ ಎಲ್ಲ ಸೇರಿ ಎಪ್ಪತ್ತು ಸಾವಿರ ದಾಟಿತು. ಉಳಿಸಿದ್ದು ಇಪ್ಪತ್ತೈದು, ಕಳೆದದ್ದು ಎಪ್ಪತ್ತು. ನಮ್ಮ ನಾಲ್ವರಲ್ಲಿ ಒಬ್ಬರು ಇವತ್ತಿಗೂ ಸಿಕ್ಕಿದಾಗ "ಏನು ಮಾರಾಯ್ರೆ, ಸೆಟ್ ದೋಸೆ ಉಂಟಾ?" ಎಂದು ಚುಚ್ಚುತ್ತಾರೆ.

ಅಲ್ಲಿಂದ ನಾನು ಈ ವಿಷಯವನ್ನು ಸ್ವಲ್ಪ ಕೆದಕತೊಡಗಿದೆ. ಕೆದಕಿದಷ್ಟೂ ಒಂದು ಮಾತು ಸ್ಪಷ್ಟವಾಯಿತು. ನಮ್ಮ ಕಣ್ಣಿಗೆ ಪಾರದರ್ಶಕ ಅಂದರೆ ಎಲ್ಲ ಒಂದೇ. ಸುಂಕದ ಪುಸ್ತಕಕ್ಕೆ ಪಾರದರ್ಶಕ ಎನ್ನುವುದು ಮುಖ್ಯವೇ ಅಲ್ಲ. ಅದು ಕೇಳುವುದು ಮೂರು ಪ್ರಶ್ನೆ: ಯಾವುದರಿಂದ ಮಾಡಿದ್ದು, ಯಾವ ಆಕಾರದಲ್ಲಿದೆ, ಬೇರೆ ಏನಾದರೂ ಅಂಟಿಸಿದ್ದಾರೆಯೇ. ಸುರುಳಿಯಾಗಿದ್ದರೆ, ಅಥವಾ ಚೌಕವಾಗಿ ಕತ್ತರಿಸಿದ್ದರೆ ಫಿಲ್ಮು. ಅದೇ ಫಿಲ್ಮನ್ನು ದುಂಡಗೆ ಕತ್ತರಿಸಿ ಮುಚ್ಚಳ ಮಾಡಿದರೆ, ಅಥವಾ ಎರಡು ಬದಿ ಅಂಟಿಸಿ ಚೀಲ ಮಾಡಿದರೆ ಅದು ಫಿಲ್ಮಲ್ಲ, ಬೇರೆ ಮನೆಗೆ ಹೋಯಿತು. ಹಿಂಬದಿಯಲ್ಲಿ ಗೋಂದು ಇದ್ದು ತಾನೇ ಅಂಟುವಂಥದ್ದಾದರೆ 3919. ಥರ್ಮೋಕೋಲಿನ ಹಾಗೆ ಒಳಗೆ ಗಾಳಿಯ ಗೂಡು ಇದ್ದರೆ 3921. ನಾವು ದೋಸೆ ಸುತ್ತುವ ಬಟರ್ ಪೇಪರ್ ಪ್ಲಾಸ್ಟಿಕ್ಕೇ ಅಲ್ಲ, ಅದು 48ನೇ ಅಧ್ಯಾಯದ ಕಾಗದ. ಸಿಲ್ವರ್ ಫಾಯಿಲ್ 76ನೇ ಅಧ್ಯಾಯದ ಅಲ್ಯೂಮಿನಿಯಂ. ನಮ್ಮ ಪಾರ್ಸೆಲ್ ಕೌಂಟರಿನ ಒಂದು ಹಲಗೆಯ ಮೇಲೆ ಇವೆಲ್ಲ ಒಟ್ಟಿಗೆ ಸಂಸಾರ ಮಾಡುತ್ತಿರುತ್ತವೆ.

3920ರ ಒಳಗೂ ಒಂದೊಂದು ಪ್ಲಾಸ್ಟಿಕ್ಕಿಗೆ ಒಂದೊಂದು ಕೋಣೆ. ಪಾಲಿಥೀನ್, ಪಾಲಿಪ್ರೊಪಿಲೀನ್, ಪಿವಿಸಿ, ಪಾಲಿಯೆಸ್ಟರ್, ನೈಲಾನ್, ಕಡೆಗೆ ಸೆಲೋಫೇನ್. ಕ್ಲಿಂಗ್ ಫಿಲ್ಮು ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಪಿವಿಸಿಯದ್ದೂ ಇರಬಹುದು, ಪಾಲಿಥೀನ್‌ದ್ದೂ ಇರಬಹುದು. ಪಿವಿಸಿಯಲ್ಲಿ ಮೆದು ಮಾಡುವ ಎಣ್ಣೆಯಂಥ ರಾಸಾಯನಿಕ ಶೇಕಡ 6 ಅಥವಾ ಹೆಚ್ಚು ಇದ್ದರೆ ಒಂದು ಸಂಖ್ಯೆ, ಕಡಿಮೆ ಇದ್ದರೆ ಇನ್ನೊಂದು. ಆ 6ರ ವ್ಯತ್ಯಾಸ ಕೈಯಲ್ಲಿ ಮುಟ್ಟಿ ತಿಳಿಯುವುದಿಲ್ಲ, ಲ್ಯಾಬಿನಲ್ಲೇ ತಿಳಿಯಬೇಕು.

ಸೆಲೋಫೇನ್ ಎಂದೆನಲ್ಲ, ಅದರ ಕತೆ ಹೊಟೇಲಿನವರು ತಿಳಿದಿರಲೇಬೇಕು. ಸ್ವಿಜರ್‌ಲ್ಯಾಂಡಿನ ಬ್ರಾಂಡನ್‌ಬರ್ಗರ್ ಎಂಬ ರಾಸಾಯನಿಕ ತಜ್ಞ ಒಮ್ಮೆ ಹೊಟೇಲಿನಲ್ಲಿ ಕೂತಿದ್ದಾಗ ಯಾರೋ ವೈನ್ ಚೆಲ್ಲಿ ಮೇಜಿನ ಬಟ್ಟೆ ಹಾಳಾಯಿತಂತೆ. ಕಲೆ ಹಿಡಿಯದ ಮೇಜುಬಟ್ಟೆ ಮಾಡಬೇಕೆಂದು ಅವನು ಬಟ್ಟೆಗೆ ವಿಸ್ಕೋಸ್ ಬಳಿದ. ಬಟ್ಟೆ ಹಲಗೆಯ ಹಾಗೆ ಗಡುಸಾಯಿತು. ಆದರೆ ಬಳಿದ ಪದರ ಗಾಜಿನಂಥ ಹಾಳೆಯಾಗಿ ಎದ್ದು ಬಂತು. ಅದೇ ಸೆಲೋಫೇನ್. ಮರದ ತಿರುಳಿನಿಂದ ಬಂದದ್ದು, ಪೆಟ್ರೋಲಿನಿಂದಲ್ಲ. ಪ್ಯಾಕಿಂಗ್ ಉದ್ಯಮದ ಒಂದು ದೊಡ್ಡ ಬೇರು ಇರುವುದು ಹೊಟೇಲಿನ ಕೊಳೆ ಮೇಜುಬಟ್ಟೆಯಲ್ಲಿ! ನಮ್ಮ ವೈಟರುಗಳು ದಿನಕ್ಕೆ ಹತ್ತು ಸಲ ಸಾಂಬಾರು ಚೆಲ್ಲುತ್ತಾರೆ, ಇಷ್ಟರವರೆಗೆ ಏನೂ ಹುಟ್ಟಲಿಲ್ಲ.

ಅಮೆರಿಕದಲ್ಲಿ ಇದನ್ನು ಮಾಡುವ ಹಕ್ಕನ್ನು ಡುಪಾಂಟ್ ಕಂಪೆನಿ 1923ರಲ್ಲಿ ಪಡೆಯಿತು. ಆದರೆ ಯುರೋಪಿನಿಂದಲೂ ಸೆಲೋಫೇನ್ ಅಲ್ಲಿಗೆ ಬರುತ್ತಿತ್ತು. ಅಲ್ಲಿನ ಕಸ್ಟಮ್ಸಿನವರು ಅದನ್ನು ಜೆಲಾಟಿನ್ ಹಾಳೆಯ ಜೊತೆ ಸೇರಿಸಿ ಶೇಕಡ 25 ಸುಂಕ ಹಾಕುತ್ತಿದ್ದರು. ಇದು ಜೆಲಾಟಿನ್ ಅಲ್ಲ, ಸೆಲ್ಯುಲೋಸ್ ವಸ್ತು ಎಂದು ಡುಪಾಂಟ್ ಪಟ್ಟು ಹಿಡಿಯಿತು. 1929ರಲ್ಲಿ ವರ್ಗ ಬದಲಾಯಿತು, ಸುಂಕ 60ಕ್ಕೆ ಏರಿತು. ಆಮದು ಬಹುತೇಕ ನಿಂತೇ ಹೋಯಿತು. ದರ ಹೆಚ್ಚಿಸುವ ಹೊಸ ಕಾನೂನು ಬರಲಿಲ್ಲ, ಹಾಳೆ ಬದಲಾಗಲಿಲ್ಲ. ಪುಸ್ತಕದಲ್ಲಿ ಕೂರುವ ಜಾಗ ಬದಲಾಯಿತು, ಅಷ್ಟೆ. ಕಂಪೆನಿಯ ವಾದ ತಪ್ಪೆಂದೂ ಹೇಳಲಾಗುವುದಿಲ್ಲ, ಸೆಲೋಫೇನ್ ಸೆಲ್ಯುಲೋಸೇ. ಆದರೆ ಹೆಸರಿನ ಜಗಳದಲ್ಲಿ ಎಷ್ಟು ಹಣ ಅಡಗಿದೆ ಎಂಬುದು ದೊಡ್ಡವರಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು.

ಇಂಥದ್ದು ಈಗಲೂ ನಡೆಯುತ್ತದೆ. ನಮ್ಮ ದೇಶದ ಪಾಲಿಯೆಸ್ಟರ್ ಫಿಲ್ಮಿನ ಮೇಲೆ ಅಮೆರಿಕ 2002ರಲ್ಲಿ ಆಂಟಿ ಡಂಪಿಂಗ್ ಸುಂಕ ಹಾಕಿತು. ಆ ಆದೇಶದಲ್ಲಿ ಒಂದು ವಿನಾಯಿತಿ ಉಂಟು. ಫಿಲ್ಮಿನ ಗುಣ ಹೆಚ್ಚಿಸುವ ಲೇಪ ಒಂದು ಬದಿಗಾದರೂ ಇಂಚಿನ ಲಕ್ಷದಲ್ಲೊಂದು ಭಾಗಕ್ಕಿಂತ ದಪ್ಪ ಇದ್ದರೆ ಅದು ಆದೇಶದ ಹೊರಗೆ. ಲಕ್ಷದಲ್ಲೊಂದು ಭಾಗ ಅಂದರೆ ಸುಮಾರು ಕಾಲು ಮೈಕ್ರಾನ್. ನಮ್ಮಲ್ಲೇ ನೋಡಿ, 2024ರ ಜುಲೈ ಬಜೆಟ್ಟಿನಲ್ಲಿ ಪಿವಿಸಿ ಫ್ಲೆಕ್ಸ್ ಫಿಲ್ಮಿಗೆ, ಅಂದರೆ ಬ್ಯಾನರಿನ ಹಾಳೆಗೆ, 10 ಇದ್ದ ಸುಂಕವನ್ನು 25 ಮಾಡಿದರು. 2025ರಲ್ಲಿ ಅದನ್ನು 20ಕ್ಕೆ ಇಳಿಸಿ ಮೇಲಿಂದ ಏಳೂವರೆ ಸೆಸ್ಸು ಸೇರಿಸಿದರು. ಎಡಗೈಯಲ್ಲಿ ಇಳಿಸಿ ಬಲಗೈಯಲ್ಲಿ ಏರಿಸಿದ ಹಾಗೆ. ಬ್ಯಾನರಿನ ಹಾಳೆ ಬರುವುದೂ 3920 ಮತ್ತು 3921ರಲ್ಲೇ. ಪಿವಿಸಿ ಫಿಲ್ಮು ತರುವವನು ಈಗ ನನ್ನದು ಬ್ಯಾನರಿನದ್ದಲ್ಲ, ಅಡುಗೆಮನೆಯದ್ದು ಎಂದು ತೋರಿಸಿಕೊಡಬೇಕು. ಅದಕ್ಕೆ ತಗಲುವ ದಿನ ಮತ್ತು ಹಣ ನಮ್ಮ ಬಿಲ್ಲಿನಲ್ಲೇ ಬಂದು ಕೂರುತ್ತದೆ.

ಇನ್ನು ನಮ್ಮ ನಿಜವಾದ ಗಾಯದ ಮಾತು. 2017ರ ನವೆಂಬರ್ 15ರಿಂದ ಹೊಟೇಲುಗಳಿಗೆ ಜಿಎಸ್‌ಟಿ ಶೇಕಡ 5 ಆಯಿತು. ಅದಕ್ಕೆ ಮೊದಲು ಎಸಿ ಇಲ್ಲದವರಿಗೆ 12, ಎಸಿ ಇದ್ದವರಿಗೆ 18. ನಾವೆಲ್ಲ ಪೇಡೆ ಹಂಚಿದ್ದೆವು, ನೆನಪಿರಬಹುದು. ಅದರ ಜೊತೆ ಬಂದ ಷರತ್ತನ್ನು ಎಷ್ಟು ಜನ ಓದಿದ್ದೆವು? ಕೊಂಡ ಮಾಲಿನ ಮೇಲೆ ಕೊಟ್ಟ ತೆರಿಗೆ ಇನ್ನು ವಾಪಸು ಸಿಗುವುದಿಲ್ಲ. ಹೊರಗೆ ಅಡುಗೆ ಮಾಡಿಸುವ ಕೇಟರಿಂಗಿನವರಿಗೂ 2019ರ ಅಕ್ಟೋಬರ್‌ನಿಂದ ಇದೇ ಏರ್ಪಾಡು. ದಿನಸಿಯ ಮೇಲೆ ತೆರಿಗೆ ಕಡಿಮೆ, ತರಕಾರಿ ಹಾಲಿನ ಮೇಲೆ ಇಲ್ಲವೇ ಇಲ್ಲ, ಆದ್ದರಿಂದ ಆಗ ಬಿಸಿ ತಟ್ಟಲಿಲ್ಲ. ಆಗ ಪಾರ್ಸೆಲ್ ಕಡಿಮೆಯೂ ಇತ್ತು. 2020ರ ಕೊರೊನಾ ನಂತರ ಮನೆಗೆ ತರಿಸಿ ತಿನ್ನುವ ಅಭ್ಯಾಸ ಬಲಿಯಿತು, ಪ್ಯಾಕಿಂಗ್ ಖರ್ಚು ದಿನಸಿಯ ಪಕ್ಕದಲ್ಲೇ ಬಂದು ನಿಂತಿತು. ಆ ಖರ್ಚಿನ ಮೇಲೆ 18. ಬಿಸ್ಕತ್ತು ಕಾರ್ಖಾನೆಯವನು ಅದೇ ಫಿಲ್ಮು ಕೊಂಡರೆ ಆ 18 ಅವನಿಗೆ ಕ್ರೆಡಿಟ್ ಆಗಿ ವಾಪಸು. ನಾವು ಕೊಂಡರೆ ನಮ್ಮ ಮೈಗೇ ಅಂಟಿಕೊಳ್ಳುತ್ತದೆ. ಮೇಲೆ ಹೇಳಿದ 30 ರೂಪಾಯಿ 98 ಪೈಸೆಯಲ್ಲಿ ಅವನಿಗೆ ನಿಜವಾಗಿ ಬೀಳುವುದು 11, ನಮಗೆ ಬೀಳುವುದು ಪೂರ್ತಿ.

ಇದರಿಂದ ಇನ್ನೊಂದು ಕೆಡುಕು ಹುಟ್ಟಿದೆ. ಹೇಳಿದರೆ ಕೆಲವರಿಗೆ ಕೋಪ ಬರಬಹುದು. ಕ್ರೆಡಿಟ್ಟೇ ಸಿಗದ ಮೇಲೆ ಬಿಲ್ಲು ಯಾಕೆ ಎಂದು ನಮ್ಮವರೇ ಬಿಲ್ಲಿಲ್ಲದೆ ಸುರುಳಿ ತರುತ್ತಾರೆ. ಕಿಲೋಗೆ ಇಪ್ಪತ್ತು ಮೂವತ್ತು ಉಳಿಯಿತು ಎಂದು ಸಂತೋಷ. ಆ ಸುರುಳಿ ಯಾವ ಪ್ಲಾಸ್ಟಿಕ್, ಎಷ್ಟು ಮೈಕ್ರಾನ್, ಊಟಕ್ಕೆ ತಾಗಬಹುದಾದದ್ದೋ ಅಲ್ಲವೋ ಯಾರಿಗೆ ಗೊತ್ತು? ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕಿಂಗ್ ನಿಯಮದ ಪ್ರಕಾರ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಅಂಶ ಕಿಲೋಗೆ 60 ಮಿಲಿಗ್ರಾಂ ಮೀರಬಾರದು. ಕುದಿಯುವ ಎಣ್ಣೆಯ ಪಲ್ಯದ ಮೇಲೆ ಹೆಸರಿಲ್ಲದ ಪಿವಿಸಿ ಫಿಲ್ಮು ಎಳೆದು ಕಟ್ಟುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾಳೆ ಇನ್ಸ್‌ಪೆಕ್ಟರ್ ಕೇಳಿದರೆ ತೋರಿಸಲು ಒಂದು ಚೀಟಿ ಇಲ್ಲ. ಗ್ರಾಹಕರ ಮಕ್ಕಳು ಅದನ್ನು ತಿನ್ನುತ್ತಾರೆ, ನಮ್ಮ ಮಕ್ಕಳೂ ತಿನ್ನುತ್ತಾರೆ.

ಒಂದೇ ಹಾಳೆಗೆ ಮೂರು ಇಲಾಖೆ, ಮೂರು ಹೆಸರು. ಕಸ್ಟಮ್ಸ್ ನೋಡುವುದು ಆಕಾರ ಮತ್ತು ಜಾತಿ. ಆಹಾರ ಇಲಾಖೆ ನೋಡುವುದು ಅದರಿಂದ ಊಟಕ್ಕೆ ಏನು ಇಳಿಯುತ್ತದೆ ಎಂದು. ಪರಿಸರ ಇಲಾಖೆ ನೋಡುವುದು ಯಾವುದಕ್ಕೆ ಸುತ್ತಿದ್ದೀರಿ ಎಂದು. 2022ರ ಜುಲೈ 1ರಿಂದ ಸಿಹಿತಿಂಡಿಯ ಪೆಟ್ಟಿಗೆಯ ಹೊರಗೆ ಸುತ್ತುವ ಫಿಲ್ಮು ದೇಶದಲ್ಲೆಲ್ಲ ನಿಷೇಧ. ಅದೇ ಸುರುಳಿಯನ್ನು ಕಸ್ಟಮ್ಸಿನಲ್ಲಿ ಸುಂಕ ಕಟ್ಟಿ ತರಲು ಅಡ್ಡಿಯಿಲ್ಲ. ದೀಪಾವಳಿಗೆ ಮೊದಲು ನಮ್ಮ ಸದಸ್ಯರೊಬ್ಬರು ಬಿಲ್ಲು ಸಮೇತ ತಂದ ಸುರುಳಿಯಿಂದ ಕಾಜು ಕತ್ಲಿ ಪೆಟ್ಟಿಗೆ ಸುತ್ತಿ 5,000 ರೂಪಾಯಿ ದಂಡ ಕಟ್ಟಿ ಬಂದರು. "ಸುಂಕ ಕಟ್ಟಿದ ಮಾಲಲ್ಲವೋ ಸ್ವಾಮಿ" ಎಂದು ಅಲ್ಲಿ ವಾದ ಮಾಡಿದರಂತೆ.

ಹಾಗಾದರೆ ಏನು ಕೇಳಬೇಕು? ಫಿಲ್ಮಿನ ಆಮದು ಸುಂಕವನ್ನೇ ತೆಗೆದುಬಿಡಿ ಎಂದು ಮನವಿ ಕೊಡೋಣ ಎನ್ನುವವರು ನಮ್ಮಲ್ಲಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಾವು ಬಳಸುವ ಹೆಚ್ಚಿನ ಸುರುಳಿ ಇಲ್ಲಿಯದೇ ಕಾರ್ಖಾನೆಯದು. ಅಲ್ಲಿ ದುಡಿಯುವವರೂ ನಮ್ಮ ಹೊಟೇಲಿಗೆ ಊಟಕ್ಕೆ ಬರುವವರು. ಹೌದು, ಹೊರಗಿನ ಮಾಲು ಬಂದರಿಗೆ ಎಷ್ಟಕ್ಕೆ ಬಂದು ಬೀಳುತ್ತದೆ ಎಂದು ನೋಡಿಯೇ ಇಲ್ಲಿಯವರೂ ದರ ಹಾಕುತ್ತಾರೆ, ಆದ್ದರಿಂದ ಸುಂಕದ ಬಿಸಿ ಇಲ್ಲಿಯ ಮಾಲಿಗೂ ತಗಲುತ್ತದೆ. ಆದರೂ ಆ 10 ಪರ್ಸೆಂಟಿನಿಂದ ನಾವು ಮುಳುಗುವುದಿಲ್ಲ. ನಮ್ಮನ್ನು ಮುಳುಗಿಸುತ್ತಿರುವುದು ವಾಪಸು ಸಿಗದ 18. 5ರ ದರ ಹಾಗೆಯೇ ಇರಲಿ, ಪ್ಯಾಕಿಂಗ್ ಸಾಮಾನಿನ ಮಟ್ಟಿಗಾದರೂ ಕ್ರೆಡಿಟ್ ಕೊಡಿ, ಇಲ್ಲವೇ ಆಹಾರಕ್ಕೆ ತಾಗುವ ಫಿಲ್ಮಿನ ತೆರಿಗೆ ಇಳಿಸಿ ಎಂದು ಕೇಳುವುದು ನ್ಯಾಯ. ಸಿಗುತ್ತದೆಯೋ ಇಲ್ಲವೋ ಬೇರೆ ಮಾತು, ಕೇಳುವುದನ್ನು ಸರಿಯಾಗಿ ಕೇಳಬೇಕಲ್ಲ.

ಇನ್ನೊಂದು, ನಮ್ಮ ಕೈಯಲ್ಲೇ ಇರುವ ದಾರಿ. ಮಾಲು ತರಿಸುವ ಮೊದಲೇ ಇದು ಯಾವ ಸಂಖ್ಯೆಯಲ್ಲಿ ಬರುತ್ತದೆ ಎಂದು ಲಿಖಿತವಾಗಿ ತಿಳಿಯುವ ವ್ಯವಸ್ಥೆ ಕಸ್ಟಮ್ಸಿನಲ್ಲೇ ಉಂಟು. ಮುಂಗಡ ತೀರ್ಪಿನ ಪ್ರಾಧಿಕಾರ ಅಂತ, 2021ರಿಂದ ಮುಂಬಯಿ ಮತ್ತು ದಿಲ್ಲಿಯಲ್ಲಿ ಕಚೇರಿ. ಅರ್ಜಿಯ ಶುಲ್ಕ 10,000 ರೂಪಾಯಿ. ಎಪ್ಪತ್ತು ಸಾವಿರ ಕಳೆದವನಿಗೆ ಇದು ಕೇಳಿದಾಗ ಹೇಗಾಗಿರಬೇಡ! ಒಂದು ತೊಡಕೂ ಇದೆ: ತೀರ್ಪು ಅರ್ಜಿ ಹಾಕಿದವನಿಗೆ ಮಾತ್ರ ಅನ್ವಯ, ಪಕ್ಕದ ಹೊಟೇಲಿನವನು ಅದನ್ನು ಹಿಡಿದುಕೊಂಡು ಹೋದರೆ ನಡೆಯುವುದಿಲ್ಲ. ಆದ್ದರಿಂದ ಒಟ್ಟಿಗೆ ತರಿಸುವವರು ಒಂದೇ ಹೆಸರಿನಲ್ಲಿ ತರಿಸಬೇಕು, ಆ ಹೆಸರಿನಲ್ಲೇ ಅರ್ಜಿ ಹಾಕಬೇಕು. ಇನ್‌ವಾಯ್ಸಿನಲ್ಲಿ ಟ್ರೇಗೆ ಒಂದು ಸಾಲು, ಫಿಲ್ಮಿಗೆ ಒಂದು ಸಾಲು, ಪ್ಲಾಸ್ಟಿಕ್ಕಿನ ಹೆಸರು, ಮೈಕ್ರಾನ್, ಸುರುಳಿಯ ಅಗಲ, ಪ್ರತಿಯೊಂದರ ಬೆಲೆ ಬೇರೆ ಬೇರೆ ಬರೆಯಿಸಬೇಕು. "ಸೆಟ್" ಎಂಬ ಶಬ್ದ ಕಂಡರೆ ವಾಪಸು ಕಳುಹಿಸಿ. ಏಜೆಂಟನ ಮೇಲೆ ಹಾಕಿ ಕೂರಬೇಡಿ. ಸಂಖ್ಯೆ ತೋರಿಸಿ ಸುಂಕ ಲೆಕ್ಕ ಹಾಕುವ ಹೊಣೆ 2011ರಿಂದ ಆಮದು ಮಾಡುವವನದ್ದೇ. ತಪ್ಪು ಮುಂದೆ ಎರಡು ವರ್ಷದೊಳಗೆ ಕಂಡರೂ ನೋಟೀಸು ಬರಬಹುದು, ಬೇಕೆಂದೇ ಮುಚ್ಚಿಟ್ಟದ್ದಾದರೆ ಐದು ವರ್ಷದವರೆಗೆ.

ಆಮದು ಮಾಡದ ಸದಸ್ಯರಿಂದ ನಾನು ಕೇಳುವುದು ಸಣ್ಣ ಕೆಲಸ. ಮುಂದಿನ ಸಭೆಗೆ ಬರುವಾಗ ನಿಮ್ಮ ಫಿಲ್ಮಿನ ಕಳೆದ ಮೂರು ತಿಂಗಳ ಬಿಲ್ಲು ಮತ್ತು ಸುರುಳಿಯ ಒಂದು ಗೇಣು ತುಂಡು ತನ್ನಿ. ಬಿಲ್ಲು ಇಲ್ಲದವರು ತುಂಡು ಮಾತ್ರ ತನ್ನಿ, ಯಾರೂ ಬೈಯುವುದಿಲ್ಲ. ಬಜೆಟ್ಟಿಗೆ ಮೊದಲು ಕೊಡುವ ಮನವಿಗೆ ನಮ್ಮ ಉದ್ಯಮ ನಿಜವಾಗಿ ಯಾವ ಫಿಲ್ಮು ಎಷ್ಟು ಬಳಸುತ್ತದೆ, ಎಷ್ಟು ತೆರಿಗೆ ಕೊಡುತ್ತದೆ ಎಂಬ ಲೆಕ್ಕ ಬೇಕು. ನನ್ನ ಸ್ವಂತ ಬಿಲ್ಲುಗಳನ್ನು ಹಾಕಿ ನೋಡಿದ್ದೇನೆ. ಮೂರು ತಿಂಗಳ ಹನ್ನೊಂದು ಬಿಲ್ಲಿನಲ್ಲಿ ನಾಲ್ಕರಲ್ಲಿ "ಪ್ಲಾಸ್ಟಿಕ್ ಮಾಲು" ಎಂದು ಮಾತ್ರ ಬರೆದಿದೆ. ಅಂಗಡಿಯವನಿಗೆ ಫೋನು ಮಾಡಿ ಇದು ಯಾವ ಪ್ಲಾಸ್ಟಿಕ್ ಎಂದು ಕೇಳಿದೆ. "ಟ್ರಾನ್ಸ್‌ಪರೆಂಟ್ ಸೇಠ್, ಒಳ್ಳೇ ಕ್ವಾಲಿಟಿ" ಎಂದ. ಆ ನಾಲ್ಕು ಬಿಲ್ಲನ್ನು ಬೇರೆ ಕಟ್ಟಿ ಇಟ್ಟಿದ್ದೇನೆ, ಸಭೆಗೆ ತರುತ್ತೇನೆ.